ಹತ್ತು ಕಿಲೋಮೀಟರಿನ ಮಾತುಕತೆ

(ಕೋಲಾರದಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾಲೂರಿನಲ್ಲಿ ಕೂತು ಎಫ್‌ಎಂ ಹಾಕಿದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಗಾಡಿಗಳು ನಿಂತಿವೆ ಎಂಬ ಸುದ್ದಿ ಕಿವಿಗೆ ಬೀಳುತ್ತದೆ. ಮಾಲೂರಿನ ಯಾವ ಬೀದಿಗೆ ಇವತ್ತು ನೀರು ಬಿಡುತ್ತಾರೆ ಎಂಬುದು ಕೇಳಿಸುವುದಿಲ್ಲ. ರಾತ್ರಿ ಟಿವಿ ಹಾಕಿದರೆ ದೆಹಲಿಯ ಜಗಳ ಇದೆ, ಬೆಂಗಳೂರಿನ ಜಗಳ ಇದೆ. ನಮ್ಮ ನಗರಸಭೆಯಲ್ಲಿ ನಿನ್ನೆ ಏನು ತೀರ್ಮಾನ ಆಯಿತು ಅಂದರೆ, ಅದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ನಾನು ಇವತ್ತು ಮಾತಾಡಲು ಬಂದಿರುವುದು ಈ ಖಾಲಿ ಜಾಗದ ಬಗ್ಗೆ.

ಆ ಜಾಗದಲ್ಲಿ ದಿನಕ್ಕೆ ಒಂದು ಗಂಟೆ, ಊರಿನವರು ಊರಿನ ವಿಷಯ ಮಾತಾಡುವ ರೇಡಿಯೊ ಕಾರ್ಯಕ್ರಮ ಬೇಕು. ಕಷ್ಟ ಇರುವವರು, ಆ ಕಷ್ಟಕ್ಕೆ ಉತ್ತರ ಕೊಡಬೇಕಾದವರು, ಇಬ್ಬರೂ ಒಂದೇ ಮೈಕಿನ ಮುಂದೆ ಕೂರಬೇಕು. ಅಕ್ಕಪಕ್ಕದ ಹಳ್ಳಿಗಳು ಕೇಳಿಸಿಕೊಳ್ಳಬೇಕು. ಮುಂದಿನ ವಾರ ಅದೇ ವಿಷಯ ಮತ್ತೆ ಬರಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಅದು ಯಾಕೆ ಬೇಕು, ಯಾಕೆ ಇನ್ನೂ ಆಗಿಲ್ಲ, ಇರುವ ಕಾನೂನಿನೊಳಗೇ ಏನೇನು ಮಾಡಬಹುದು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಇದೇನೂ ನಮಗೆ ಹೊಸದಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ನಿಮಗೆಲ್ಲ ಗೊತ್ತು. ಹೈದರಾಲಿ ಹುಟ್ಟಿದ ಊರು ಅಂತ ಶಾಲೆಯಲ್ಲಿ ಓದಿದ್ದೀರಿ. ಅದೇ ಊರಿಗೆ ಇನ್ನೊಂದು ಕಾರಣಕ್ಕೂ ಹೆಸರಿದೆ. ದೇಶದಲ್ಲಿ ಸಮುದಾಯ ರೇಡಿಯೊ, ಅಂದರೆ ಊರಿನವರೇ ತಮ್ಮ ಊರಿಗಾಗಿ ನಡೆಸುವ ರೇಡಿಯೊ ಬಗ್ಗೆ ಯಾರು ಬರೆದರೂ ಬೂದಿಕೋಟೆಯ ‘ನಮ್ಮ ಧ್ವನಿ’ಯನ್ನು ಬಿಟ್ಟು ಬರೆಯುವುದಿಲ್ಲ. 2000ದ ಆಸುಪಾಸಿನಲ್ಲಿ ಮೈರಾಡ ಮತ್ತು ವಾಯ್ಸಸ್ ಎಂಬ ಸಂಸ್ಥೆಗಳು, ಯುನೆಸ್ಕೊ ನೆರವಿನಿಂದ ಅಲ್ಲೊಂದು ಪುಟ್ಟ ಸ್ಟುಡಿಯೊ ಮಾಡಿದವು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು ರೆಕಾರ್ಡರ್ ಹಿಡಿದು ಕಾರ್ಯಕ್ರಮ ಮಾಡಲು ಕಲಿತರು.

ಆಗ ಒಂದು ದೊಡ್ಡ ತೊಂದರೆ ಇತ್ತು. ಕಾರ್ಯಕ್ರಮ ಮಾಡಬಹುದು, ಗಾಳಿಗೆ ಬಿಡುವ ಹಾಗಿಲ್ಲ. ಇಂಥ ಸಂಸ್ಥೆಗಳಿಗೆ ರೇಡಿಯೊ ಪರವಾನಗಿ ಕೊಡುವ ನಿಯಮವೇ ದೇಶದಲ್ಲಿ ಇರಲಿಲ್ಲ. ಬೂದಿಕೋಟೆಯವರು ಕೈಕಟ್ಟಿ ಕೂರಲಿಲ್ಲ. ಮೊದಲು ಜನ ಸೇರುವ ಕಡೆ ಧ್ವನಿವರ್ಧಕ ಇಟ್ಟು ಕೇಳಿಸಿದರು. ಆಮೇಲೆ ಟಿವಿಯ ಕೇಬಲ್ಲಿನಲ್ಲೇ ಧ್ವನಿ ಹರಿಸಿದರು. ಗಾಳಿಯಲ್ಲಿ ಬಿಡಬಾರದು ಎಂದಿದೆ, ತಂತಿಯಲ್ಲಿ ಬಿಡಬಾರದು ಎಂದಿಲ್ಲ! ಮನೆಯ ಟಿವಿಯಲ್ಲಿ ಚಿತ್ರವಿಲ್ಲದೆ ಊರಿನವರ ದನಿ ಕೇಳತೊಡಗಿತು. ಈ ಸಂಗತಿ ನೆನೆದಾಗಲೆಲ್ಲ ನನಗೆ ಹೆಮ್ಮೆ. ನಮ್ಮ ಜಿಲ್ಲೆಯ ಒಂದು ಹಳ್ಳಿಯ ಹೆಂಗಸರು ಕಾನೂನು ಬರುವ ಮೊದಲೇ ಕೆಲಸ ಶುರು ಮಾಡಿದ್ದರು.

ಕಾನೂನು ಹೇಗೆ ಬಂತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕ್ರಿಕೆಟ್ ಪಂದ್ಯದ ನೇರ ಪ್ರಸಾರದ ಹಕ್ಕಿಗಾಗಿ ನಡೆದ ಜಗಳ ಅದು. ಅದರಲ್ಲಿ ನ್ಯಾಯಾಲಯ, ತರಂಗಗಳು ಸಾರ್ವಜನಿಕರ ಸ್ವತ್ತು ಎಂದಿತು. ಮಾರನೇ ವರ್ಷ ಬೆಂಗಳೂರಿನಲ್ಲಿ ಸೇರಿದ ರೇಡಿಯೊ ಪ್ರೇಮಿಗಳು, ಹಾಗಾದರೆ ಹಳ್ಳಿಗಳಿಗೂ ರೇಡಿಯೊ ಕೊಡಿ ಅಂತ ಒಂದು ಘೋಷಣಾಪತ್ರ ಹೊರಡಿಸಿದರು. ಮೊದಲು ಕಾಲೇಜುಗಳಿಗೆ ಅವಕಾಶ ಸಿಕ್ಕಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ನಿಲಯ ಶುರುವಾಯಿತು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರಲ್ಲಿ ಪಕ್ಕದ ತೆಲಂಗಾಣದ ಮೇದಕ್ ಸೀಮೆಯಲ್ಲಿ ‘ಸಂಗಮ್ ರೇಡಿಯೊ’ ಬಂತು. ಅದನ್ನು ನಡೆಸುವವರು ದಲಿತ ಹೆಣ್ಣುಮಕ್ಕಳು. ನಮ್ಮ ನೆರೆಯ ತುಮಕೂರಿನಲ್ಲಿ ‘ರೇಡಿಯೊ ಸಿದ್ಧಾರ್ಥ’ ಬಂತು. 2024ರ ಹೊತ್ತಿಗೆ ಇಡೀ ದೇಶದಲ್ಲಿ ಇಂಥ ನಿಲಯಗಳ ಸಂಖ್ಯೆ 480 ದಾಟಿದೆ ಎಂದು ಕೇಂದ್ರ ಸರ್ಕಾರ ಹೇಳಿತು.

ಹಾಗೆ ನೋಡಿದರೆ ಕನ್ನಡಿಗರಿಗೆ ಈ ಹುಚ್ಚು ಇನ್ನೂ ಹಳೆಯದು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ನಿಲಯ ಶುರು ಮಾಡಿದ್ದರು. ಸರ್ಕಾರ ಅದನ್ನು ವಹಿಸಿಕೊಂಡದ್ದು ಕೆಲವು ವರ್ಷ ಕಳೆದ ಮೇಲೆ. ಒಬ್ಬ ಮೇಷ್ಟ್ರು ತಮ್ಮ ಮನೆಯಿಂದ ಊರಿಗೆ ದನಿ ಕೇಳಿಸಿದ್ದರು ಅಂದಮೇಲೆ, ಈಗ ನಮ್ಮಿಂದ ಆಗುವುದಿಲ್ಲ ಅಂತ ಹೇಗೆ ಹೇಳೋಣ?

ಈಗ ಅಳತೆಯ ವಿಷಯ. ಸಮುದಾಯ ರೇಡಿಯೊಗೆ ಕೊಡುವ ಶಕ್ತಿ 100 ವಾಟ್. ಆಂಟೆನಾ ನೆಲದಿಂದ 30 ಮೀಟರ್ ಮೀರಬಾರದು. ಸರ್ಕಾರದ ಲೆಕ್ಕದಲ್ಲಿ ಇದು 5ರಿಂದ 10 ಕಿಲೋಮೀಟರ್ ದೂರ ಕೇಳಿಸುತ್ತದೆ. ನಡುವೆ ಬೆಟ್ಟ ಬಂದರೆ ಅಷ್ಟೂ ಇಲ್ಲ, ಯಾಕೆಂದರೆ ಎಫ್‌ಎಂ ತರಂಗ ನೇರವಾಗಿ ಹೋಗುತ್ತದೆ. ನಮ್ಮದು ಬೆಟ್ಟಗುಡ್ಡದ ಸೀಮೆ. ಹತ್ತು ಕಿಲೋಮೀಟರ್ ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಂಡರೂ ಒಂದು ನಿಲಯದ ವೃತ್ತ ಸುಮಾರು 314 ಚದರ ಕಿಲೋಮೀಟರ್. ಕೋಲಾರ ಜಿಲ್ಲೆಯ ವಿಸ್ತೀರ್ಣ ಹತ್ತಿರ ಹತ್ತಿರ 4,000 ಚದರ ಕಿಲೋಮೀಟರ್. ಜಿಲ್ಲೆ ತುಂಬ ದನಿ ಕೇಳಿಸಬೇಕಾದರೆ ಕಡಿಮೆ ಅಂದರೂ ಹದಿಮೂರು ನಿಲಯ ಬೇಕು. ತುಮಕೂರು ಜಿಲ್ಲೆ 10,600ರ ಆಸುಪಾಸು. ಅಲ್ಲಿ ಮೂವತ್ತಕ್ಕಿಂತ ಜಾಸ್ತಿ ಬೇಕು. ನಾವು ಎಷ್ಟು ಹಿಂದೆ ಇದ್ದೇವೆ ಅಂತ ಈ ಲೆಕ್ಕದಿಂದಲೇ ಗೊತ್ತಾಗುತ್ತದೆ, ಅಲ್ವಾ?

ಆದರೆ ಈ ಚಿಕ್ಕ ಅಳತೆಯನ್ನು ನಾನು ಕೊರತೆ ಅಂತ ನೋಡುವುದಿಲ್ಲ. ಹತ್ತು ಕಿಲೋಮೀಟರ್ ಅಂದರೆ ಒಂದೇ ಸಂತೆಗೆ ಹೋಗುವ ಜನ. ಒಂದೇ ಆಸ್ಪತ್ರೆ, ಒಂದೇ ನಾಡಕಚೇರಿ, ಒಂದೇ ಬಸ್ಸು. ಅಲ್ಲಿ ಮೈಕಿನ ಮುಂದೆ ಕೂತ ಪಂಚಾಯಿತಿ ಅಧಿಕಾರಿ (ಪಿಡಿಒ) ಮಾತು ತಪ್ಪಿದರೆ ಮಾರನೇ ದಿನ ಬೆಳಿಗ್ಗೆ ಡೇರಿ ಮುಂದೆ ಜನ ಕೇಳುತ್ತಾರೆ. ರಾಜ್ಯಕ್ಕೆಲ್ಲ ಕೇಳಿಸುವ ಚಾನೆಲ್ಲಿಗೆ ಈ ಶಕ್ತಿ ಇಲ್ಲ.

ಒಂದು ಗಂಟೆಯ ಕಾರ್ಯಕ್ರಮದಲ್ಲಿ ಏನಾಗಬಹುದು ಎಂಬುದನ್ನು ನಮ್ಮದೇ ವಿಷಯ ಇಟ್ಟುಕೊಂಡು ನೋಡೋಣ. ಕೆ.ಸಿ. ವ್ಯಾಲಿ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ ನಮ್ಮ ಕಡೆಯ 126 ಕೆರೆಗಳಿಗೆ ತುಂಬಿಸುವ ಯೋಜನೆ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಬತ್ತಿದ ಕೆರೆಗೆ ನೀರು ಬಂದಾಗ ಜನ ಪೂಜೆ ಮಾಡಿದರು. ಮಾರನೇ ತಿಂಗಳು ನೊರೆ ಕಾಣಿಸಿತು. ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಮೇಲೆ ನೀರು ಹರಿಯುತ್ತಲೇ ಇದೆ. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಅಂತ ಸಂತೋಷಪಡುವ ರೈತರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಆಗಲೇಬೇಕು ಅಂತ ಹೋರಾಡುವವರಿದ್ದಾರೆ. ಚಿಕ್ಕಬಳ್ಳಾಪುರದ ಕಡೆ ಹೆಬ್ಬಾಳ–ನಾಗವಾರ ಕಣಿವೆಯ ನೀರಿನದೂ ಇದೇ ಕಥೆ.

ಇದರ ಬಗ್ಗೆ ಎಷ್ಟು ಭಾಷಣ ಕೇಳಿದ್ದೇವೆ! ಆದರೆ ಕೆರೆಯ ಪಕ್ಕದ ಊರಿನ ಹೆಂಗಸಿನ ಪ್ರಶ್ನೆ ಬೇರೆಯೇ ಇರುತ್ತದೆ. ಈ ನೀರನ್ನು ನನ್ನ ಹಸು ಕುಡಿಯಬಹುದಾ? ಕೆರೆಯ ಪಕ್ಕದ ಬಾವಿ ನೀರಲ್ಲಿ ಅನ್ನ ಮಾಡಬಹುದಾ? ಸೊಪ್ಪು ಬೆಳೆದರೆ ತಿನ್ನಬಹುದಾ? ನೀರಿನ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡುತ್ತಾರೆ, ಅದರ ಚೀಟಿ ಎಲ್ಲಿ ನೋಡಬಹುದು? ನಮ್ಮ ಕೆರೆ ಕೋಡಿ ಹೋದಮೇಲೆ ಮುಂದಿನ ಕೆರೆ ಯಾವುದು? ಇವು ಐದು ಸಾದಾ ಪ್ರಶ್ನೆಗಳು. ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್, ಪಶುವೈದ್ಯರು, ಒಬ್ಬ ರೈತ, ಒಬ್ಬ ಹೋರಾಟಗಾರ, ಊರಿನ ನೀರುಗಂಟಿ. ಇಷ್ಟು ಜನ ಕೂತರೆ ಒಂದು ಗಂಟೆ ಸಾಕು. ನೀರುಗಂಟಿಯನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಕೆರೆಯ ತೂಬು, ಪೈಪಿನ ವಾಲ್ವು, ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂಬುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಅವರನ್ನು ಯಾರೂ ಮಾತಾಡಿಸುವುದಿಲ್ಲ.

ಇಂಥ ಕಾರ್ಯಕ್ರಮ ಮಾಡಲು ಕಾನೂನು ಬಿಡುತ್ತದಾ? ನಿಲಯ ನಡೆಸುವವರಿಗೆಲ್ಲ ಇದೇ ಭಯ. ನಿಯಮ ಹೇಳುವುದು ಇಷ್ಟು: ಸಮುದಾಯ ರೇಡಿಯೊ ತನ್ನದೇ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ, ರಾಜಕೀಯ ಸ್ವರೂಪದ ವಿದ್ಯಮಾನಗಳ ಕಾರ್ಯಕ್ರಮವೂ ಕೂಡದು. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಆದರೆ ಹವಾಮಾನ, ಸ್ಥಳೀಯ ಜಾತ್ರೆ ಉತ್ಸವ, ಪರೀಕ್ಷೆ, ಕಾಲೇಜು ಪ್ರವೇಶ, ಉದ್ಯೋಗದ ಅವಕಾಶ ಇವು ಸುದ್ದಿ ಅಲ್ಲ ಎಂದು ಬಿಟ್ಟಿದ್ದಾರೆ. ಸ್ಥಳೀಯ ಆಡಳಿತ ಕೊಡುವ ನೀರು, ಕರೆಂಟು, ಆರೋಗ್ಯ, ನೈಸರ್ಗಿಕ ವಿಕೋಪದ ಪ್ರಕಟಣೆಗಳೂ ಹಾಗೇ. ನನ್ನ ಅಭಿಪ್ರಾಯ ಕೇಳಿದರೆ, ಹಸುವಿನ ಆರೋಗ್ಯ, ಕುಡಿಯುವ ನೀರು, ಅಧಿಕಾರಿ ಕೊಡುವ ಮಾಹಿತಿ ಇವೆಲ್ಲ ಕೃಷಿ ಮತ್ತು ಆರೋಗ್ಯದ ಕಾರ್ಯಕ್ರಮಗಳೇ. ಪಕ್ಷದ ಹೆಸರು, ನಾಯಕರ ಹೊಗಳಿಕೆ ತೆಗಳಿಕೆ ಬರದಂತೆ ನಿರೂಪಕರು ನೋಡಿಕೊಂಡರೆ ಆಯಿತು. ಭಯದಿಂದ ಬರೀ ಭಾವಗೀತೆ ಹಾಕುತ್ತಾ ಕೂರುವ ಅಗತ್ಯ ಇಲ್ಲ.

ಇಷ್ಟು ಹೇಳಿದ ಮೇಲೂ ಆ ನಿಷೇಧ ತಪ್ಪು ಎಂದೇ ನಾನು ನಂಬಿದ್ದೇನೆ. ಪತ್ರಿಕೆ ಸುದ್ದಿ ಕೊಡಬಹುದು. ಟಿವಿ ಇಪ್ಪತ್ನಾಲ್ಕು ಗಂಟೆ ಕೊಡಬಹುದು. ಫೋನು ಇರುವ ಯಾರು ಬೇಕಾದರೂ ಯೂಟ್ಯೂಬ್ ಚಾನೆಲ್ ಮಾಡಿ ತಾಲ್ಲೂಕು ಕಚೇರಿ ಮುಂದೆ ನಿಂತು ಮಾತಾಡಬಹುದು. ರೇಡಿಯೊ ಮಾತ್ರ ಬೇಡ! ಅದರಲ್ಲೂ, ಪರವಾನಗಿ ಪಡೆದು, ಸಲಹಾ ಸಮಿತಿ ಇಟ್ಟುಕೊಂಡು, ಪ್ರಸಾರ ಮಾಡಿದ ಪ್ರತಿ ಕಾರ್ಯಕ್ರಮವನ್ನೂ ಮೂರು ತಿಂಗಳು ಜೋಪಾನ ಮಾಡಿಟ್ಟು, ಕೇಳಿದಾಗ ತೋರಿಸಬೇಕಾದ ಮಾಧ್ಯಮಕ್ಕೆ ಬೇಡ. ಇದನ್ನು ಪ್ರಶ್ನಿಸಿ 2013ರಲ್ಲೇ ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಳ್ಳಿಯ ನಿಲಯಗಳ ಮೇಲೆ ನಿಗಾ ಇಡುವುದು ಕಷ್ಟ ಎಂದು ಸರ್ಕಾರದವರು ಹೇಳುತ್ತಾರೆ. ನಿಗಾ ಕಷ್ಟ ಎಂದು ಜನರ ಬಾಯಿ ಕಟ್ಟುವುದು ನ್ಯಾಯವಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ನಿಲ್ಲುವವರು ಊರಿನವರೇ. ನಿಂತವರನ್ನೆಲ್ಲ ಒಂದೇ ಸ್ಟುಡಿಯೊದಲ್ಲಿ ಕೂರಿಸಿ, ಎಲ್ಲರಿಗೂ ಒಂದೇ ಸಮಯ ಕೊಟ್ಟು, ಶಾಲೆಯ ಶೌಚಾಲಯ ಯಾವಾಗ ಮುಗಿಸುತ್ತೀರಿ, ಬೀದಿ ದೀಪಕ್ಕೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಕೇಳಿದರೆ ಯಾರಿಗೆ ನಷ್ಟ? ಚುನಾವಣೆ ಹಿಂದಿನ ರಾತ್ರಿ ಮನೆಗೆ ಬರುವ ದುಡ್ಡಿನ ಕವರಿಗಿಂತ ಇದು ಒಳ್ಳೆಯದಲ್ವಾ? ರಾಜಕೀಯ ಅಂದರೆ ಇದೇ. ಅದನ್ನೇ ಮಾತಾಡಬೇಡಿ ಅಂದರೆ ಸಮುದಾಯದ ರೇಡಿಯೊ ಅಂತ ಯಾಕೆ ಕರೆಯಬೇಕು?

ಬೇರೆ ಕಡೆ ಇದು ಹೇಗೆ ನಡೆದಿದೆ ಅಂತ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಬರ್ಕ್ಲಿಯಲ್ಲಿ ಕೆಪಿಎಫ್ಎ ಎಂಬ ನಿಲಯ 1949ರಲ್ಲಿ ಶುರುವಾಯಿತು. ಜಾಹೀರಾತು ಇಲ್ಲ, ಕೇಳುಗರು ಕೊಡುವ ಚಂದಾ ಹಣದಲ್ಲೇ ನಡೆಯಬೇಕು ಎಂಬುದು ಅದರ ಹಟ. ಈಗಲೂ ಇದೆ. ನ್ಯೂಯಾರ್ಕಿನ ಸಾರ್ವಜನಿಕ ನಿಲಯ ಡಬ್ಲ್ಯುಎನ್‌ವೈಸಿಯಲ್ಲಿ ಬ್ರಯಾನ್ ಲೆಹ್ರರ್ ಎಂಬ ನಿರೂಪಕ ದಶಕಗಳಿಂದ ಬೆಳಗಿನ ಹೊತ್ತು ಊರಿನ ವಿಷಯ ಮಾತಾಡಿಸುತ್ತಾರೆ. ಫೋನ್ ಮಾಡಿದವರ ಮಾತೇ ಕಾರ್ಯಕ್ರಮದ ಜೀವಾಳ. 2007ರಲ್ಲಿ ಅವರು ಕೇಳುಗರಿಗೊಂದು ಕೆಲಸ ಕೊಟ್ಟರು. ನಿಮ್ಮ ಬೀದಿಯ ಅಂಗಡಿಯಲ್ಲಿ ಹಾಲು, ಲೆಟ್ಯೂಸ್ ಸೊಪ್ಪು ಮತ್ತು ಬಿಯರಿಗೆ ಎಷ್ಟು ರೇಟು ಅಂತ ನೋಡಿ ತಿಳಿಸಿ ಎಂದರು. ಕೇಳುಗರು ಕಳಿಸಿದರು. ಒಂದೇ ಊರಿನಲ್ಲಿ ಬೀದಿಯಿಂದ ಬೀದಿಗೆ ರೇಟು ಹೇಗೆ ಬದಲಾಗುತ್ತದೆ ಅಂತ ಎಲ್ಲರಿಗೂ ತಿಳಿಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಕೋಲಾರದ ಟೊಮೆಟೊ ಮಂಡಿ. 2023ರ ಜುಲೈನಲ್ಲಿ ಹದಿನೈದು ಕೆಜಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಮಂಡಿಯಲ್ಲಿ ಹರಾಜು ಎಷ್ಟಕ್ಕೆ ಹೋಯಿತು, ಅದೇ ದಿನ ಬಂಗಾರಪೇಟೆ ಅಂಗಡಿಯಲ್ಲಿ, ಬೆಂಗಳೂರಿನಲ್ಲಿರುವ ಮಗಳ ಮನೆ ಹತ್ತಿರ ಕೆಜಿ ಎಷ್ಟು ಅಂತ ಕೇಳುಗರೇ ಹೇಳಲಿ. ರೈತನಿಗೆ ಸಿಕ್ಕಿದ್ದೆಷ್ಟು, ತಿನ್ನುವವರು ಕೊಟ್ಟದ್ದೆಷ್ಟು, ನಡುವೆ ಹೋದದ್ದೆಷ್ಟು ಎಂಬುದು ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ತಿಪಟೂರಿನವರು ಇದನ್ನೇ ಉಂಡೆ ಕೊಬ್ಬರಿಗೆ ಮಾಡಬಹುದು. ಶಿಡ್ಲಘಟ್ಟದವರು ರೇಷ್ಮೆಗೂಡಿಗೆ ಮಾಡಬಹುದು. ಪಾವಗಡದವರಿಗೆ ಬೇರೆ ವಿಷಯ ಇದೆ. ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತದೆ. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ? ಅವರನ್ನು ಮಾತಾಡಿಸುವ ಮೈಕು ಬೇಕು.

ಇನ್ನು ಭಾಷೆ. ನಿಯಮದ ಪ್ರಕಾರ ಅರ್ಧದಷ್ಟಾದರೂ ಕಾರ್ಯಕ್ರಮ ಆ ಊರಿನಲ್ಲೇ ತಯಾರಾಗಬೇಕು, ಸ್ಥಳೀಯರ ಭಾಷೆಯಲ್ಲಿ ಇರಬೇಕು. ನಮ್ಮ ಸೀಮೆಗೆ ಇದು ವರ. ಬಾಗೇಪಲ್ಲಿ, ಶ್ರೀನಿವಾಸಪುರದ ಅಜ್ಜಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುತ್ತಾರೆ. ಕೆಜಿಎಫ್‌ನಲ್ಲಿ ತಮಿಳು. ಪೇಟೆಯಲ್ಲಿ ಉರ್ದು. ಟಿವಿಯವರು ಬಂದರೆ ಇವರೆಲ್ಲ ಪುಸ್ತಕದ ಕನ್ನಡ ಹುಡುಕಿಕೊಂಡು ತಡವರಿಸುತ್ತಾರೆ, ಇಲ್ಲವೇ ಸುಮ್ನೆ ಹಿಂದೆ ಸರಿಯುತ್ತಾರೆ. ನಮ್ಮ ಕೈವಾರ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಎರಡೂ ಹಾಡನ್ನು ಈ ಜನ ಒಂದೇ ಭಕ್ತಿಯಿಂದ ಹಾಡುತ್ತಾರೆ. ನಿರೂಪಕರಿಗೆ ಎರಡು ಮೂರು ಭಾಷೆ ಬರಬೇಕು. ಫೋನ್ ಮಾಡಿದವರು ಯಾವ ಭಾಷೆಯಲ್ಲಿ ಕೇಳಿದರೂ ಅವರನ್ನು ತಿದ್ದಬಾರದು. ಪ್ರಶ್ನೆಯನ್ನು ಎರಡು ಸಾಲಿನ ಕನ್ನಡದಲ್ಲಿ ಎಲ್ಲರಿಗೂ ಹೇಳಿ ಮುಂದುವರಿಯಬೇಕು.

ಸಂಸ್ಕೃತಿಯ ಕಾರ್ಯಕ್ರಮ ಅಂದರೆ ಹಾಡು ಹಾಕುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಡು ಹಾಕಿ. ಜೊತೆಗೆ ಮಾತಾಡಿಸಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಅವರ ಹಿಂದೆ ಹೆಸರಿಲ್ಲದ ಎಷ್ಟು ತಮಟೆಯವರಿದ್ದಾರೆ! ಚರ್ಮ ಎಲ್ಲಿಂದ ತರುತ್ತೀರಿ, ಮಳೆಗಾಲದಲ್ಲಿ ಹೇಗೆ ಕಾಯಿಸುತ್ತೀರಿ, ಸಾವಿಗೆ ಬಾರಿಸುವ ಗತ್ತಿಗೂ ಜಾತ್ರೆಗೆ ಬಾರಿಸುವ ಗತ್ತಿಗೂ ಏನು ವ್ಯತ್ಯಾಸ, ಕರೆದವರು ಊಟಕ್ಕೆ ಎಲ್ಲಿ ಕೂರಿಸುತ್ತಾರೆ? ಕೊನೆಯ ಪ್ರಶ್ನೆ ಕೇಳುವ ಧೈರ್ಯ ರೇಡಿಯೊಗೆ ಇರಬೇಕು. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆ ಹಾಡು ನಡೆಸುತ್ತಾ ಬಂದಿದ್ದಾರೆ. ಬೆಟ್ಟ ಹತ್ತಲು ಆಗದವರಿಗೂ ಆ ದನಿ ತಲುಪಬೇಕು.

ಕೆಜಿಎಫ್ ವಿಷಯದಲ್ಲಿ ನನಗೆ ಅವಸರ ಇದೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಕೆಲಸ ಮಾಡಿದವರು ಈಗ ಅರವತ್ತು, ಎಪ್ಪತ್ತು ದಾಟಿದ್ದಾರೆ. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂದದ್ದು ಪಾಠಪುಸ್ತಕದಲ್ಲಿದೆ. ಕೆಳಗೆ ಬಂಡೆ ಸಿಡಿದಾಗ ಮೇಲೆ ಮನೆಯಲ್ಲಿದ್ದ ಹೆಂಡತಿಗೆ ಹೇಗೆ ಗೊತ್ತಾಗುತ್ತಿತ್ತು ಎಂಬುದು ಯಾವ ಪಾಠದಲ್ಲೂ ಇಲ್ಲ. ಗಣಿಯ ಧೂಳು ಕುಡಿದು ಕೆಮ್ಮುತ್ತಿರುವ ಆ ದನಿಗಳನ್ನು ಅವರದೇ ತಮಿಳಿನಲ್ಲಿ, ಕನ್ನಡದಲ್ಲಿ ಈಗಲೇ ರೆಕಾರ್ಡ್ ಮಾಡಬೇಕು. ಮೂರು ತಿಂಗಳು ಇಡಿ ಅಂತ ಕಾನೂನು ಹೇಳುತ್ತದೆ. ಇಂಥದ್ದನ್ನು ಶಾಶ್ವತವಾಗಿ ಇಡಬೇಕು. ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಇದಕ್ಕೆ ಪರವಾನಗಿಯೂ ಬೇಡ. ಫೋನಿನಲ್ಲೇ ಶುರು ಮಾಡಬಹುದು. ಸುತ್ತ ಸದ್ದಿಲ್ಲದ ಕೋಣೆ, ಬಾಯಿಂದ ಒಂದು ಗೇಣು ದೂರದಲ್ಲಿ ಫೋನು, ಫ್ಯಾನ್ ಆಫ್. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಸ್ವಲ್ಪ ತಡೆದು ಅವರು ಹೇಳುವ ಮಾತೇ ಎಷ್ಟೋ ಸಲ ಮುಖ್ಯವಾಗಿರುತ್ತದೆ.

ಒಂದು ವಿಷಯ ಬಾಕಿ ಇದೆ. ಪತ್ರಿಕೆಗಳು ಜಿಲ್ಲಾಧಿಕಾರಿಯನ್ನೋ ಜಿಲ್ಲಾ ಪಂಚಾಯಿತಿ ಸಿಇಒ ಅವರನ್ನೋ ಕರೆಸಿ ಫೋನ್-ಇನ್ ನಡೆಸುತ್ತವೆ. ಒಳ್ಳೆಯ ಕೆಲಸ. ಬೆಳಿಗ್ಗೆಯೆಲ್ಲ ಫೋನು ಬಡಿದುಕೊಳ್ಳುತ್ತದೆ. ಜಮೀನು ಅಳೆದು ಪೋಡಿ ಮಾಡಿಲ್ಲ, ಇ-ಖಾತೆ ಸಿಕ್ಕಿಲ್ಲ, ಪಿಂಚಣಿ ನಿಂತಿದೆ. ಪರಿಶೀಲಿಸುತ್ತೇನೆ ಎಂಬ ಉತ್ತರ ಬರುತ್ತದೆ. ಮಾರನೇ ದಿನ ಅರ್ಧ ಪುಟ ಅಚ್ಚಾಗುತ್ತದೆ. ಆ ಪಿಂಚಣಿ ಆಮೇಲೆ ಬಂತಾ? ದಿನಾ ಬರುವ ರೇಡಿಯೊ ಕಾರ್ಯಕ್ರಮದ ಶಕ್ತಿ ಇಲ್ಲಿದೆ. ಪ್ರತಿ ಶನಿವಾರ ಹೊಸ ದೂರು ತೆಗೆದುಕೊಳ್ಳಬೇಡಿ. ಆ ವಾರ ಯಾರು ಏನು ಮಾತು ಕೊಟ್ಟರೋ ಆ ರೆಕಾರ್ಡಿಂಗ್ ಹಾಕಿ, ದೂರು ಕೊಟ್ಟವರಿಗೇ ಫೋನ್ ಮಾಡಿ, ಆಯ್ತಾ ಅಂತ ಕೇಳಿ. ಆಗಿದ್ದರೆ ಅಧಿಕಾರಿಯ ಹೆಸರು ಹೇಳಿ ಧನ್ಯವಾದ ತಿಳಿಸಿ. ಆಗದಿದ್ದರೆ ಮುಂದಿನ ಶನಿವಾರ ಮತ್ತೆ ಕೇಳಿ. ಬೈಯುವುದು ಬೇಡ, ದನಿ ಏರಿಸುವುದು ಬೇಡ. ಮತ್ತೆ ಮತ್ತೆ ಕೇಳಿದರೆ ಸಾಕು.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಈಗ ರೇಡಿಯೊ ಯಾರು ಕೇಳ್ತಾರೆ ಸರ್ ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ಕೈ ಕೆಲಸದಲ್ಲಿದ್ದು ಕಿವಿ ಬಿಡುವಾಗಿರುವ ಎಲ್ಲರೂ ಕೇಳಬಹುದು. ಹಾಲು ಕರೆಯುವವರು, ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹಾಕುವವರು, ಟೈಲರ್, ಆಟೊದವರು, ಅಡುಗೆ ಮನೆಯಲ್ಲಿರುವವರು. ನಮ್ಮ ಕಡೆ ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲಿನ ಒಂದು ಗಂಟೆ ಬಹಳ ಒಳ್ಳೆಯ ಸಮಯ. ತುಂಬ ಫೋನುಗಳಲ್ಲಿ ಎಫ್‌ಎಂ ಇದ್ದೂ ಇಲ್ಲದಂತೆ ಮಾಡಿದ್ದಾರೆ. ಅದು ಕೆಲಸ ಮಾಡುವಂತೆ ಬಿಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳಿಗೆ ಸಲಹೆ ಕೊಟ್ಟಿದೆ. ಹೊಸ ಫೋನ್ ಕೊಳ್ಳುವಾಗ ಎಫ್‌ಎಂ ಇದೆಯಾ ಅಂತ ಕೇಳಿ ಕೊಳ್ಳಿ.

ಸಂಘದ ಒಬ್ಬ ಅಕ್ಕ ಎದ್ದು ನಿಂತು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. “ಹತ್ತು ಕಿಲೋಮೀಟರ್ ಅಂತೀರಿ. ನಾನು ಮಾತಾಡಿದ್ರೆ ದನಿ ಕೇಳಿದ ತಕ್ಷಣ ಊರಿಗೆಲ್ಲ ನಾನೇ ಅಂತ ಗೊತ್ತಾಗುತ್ತೆ. ಆಮೇಲೆ ನನ್ನ ಗತಿ?” ಎಂದರು. ಚಿಕ್ಕ ವೃತ್ತದ ಬಲವೇ ಇಲ್ಲಿ ಅಪಾಯ. ಸಾರಾಯಿ, ಮನೆಯೊಳಗಿನ ಹೊಡೆತ, ಜಾತಿ ಹೆಸರಿನಲ್ಲಿ ನಡೆಯುವ ಅವಮಾನ ಇವುಗಳ ಬಗ್ಗೆ ಒಬ್ಬರೇ ಮಾತಾಡಿ ಅಂತ ಹೇಳುವ ಹಕ್ಕು ನನಗಿಲ್ಲ. ಅಂಥ ಕಡೆ ಪ್ರಶ್ನೆ ಸಂಘದಿಂದ ಬರಲಿ. ಬರೆದು ಕೊಡಿ, ನಿಲಯದವರು ತಮ್ಮ ದನಿಯಲ್ಲಿ ತಮ್ಮ ಪ್ರಶ್ನೆಯಾಗಿ ಕೇಳಲಿ. ಹೆಸರು, ಊರು, ಗುರುತು ಸಿಗುವ ವಿವರ ಬೇಡ. ರೆಕಾರ್ಡ್ ಮಾಡಿದ್ದರೆ ಪ್ರಸಾರಕ್ಕೆ ಮೊದಲು ಅವರಿಗೆ ಕೇಳಿಸಿ, ಬೇಡ ಅಂದರೆ ಅಳಿಸಬೇಕು. ನೇರ ಪ್ರಸಾರದ ಫೋನುಗಳನ್ನು ಕೆಲವು ಸೆಕೆಂಡು ತಡ ಮಾಡಿ ಬಿಡುವ ವ್ಯವಸ್ಥೆ ಇರುತ್ತದೆ. ಯಾರಾದರೂ ಇನ್ನೊಬ್ಬರ ಹೆಸರು ಹೇಳಿ ಬೈದರೆ ಅಲ್ಲೇ ಕತ್ತರಿಸಬಹುದು. ಆ ವ್ಯವಸ್ಥೆ ಇಲ್ಲದೆ ಫೋನ್ ಕಾರ್ಯಕ್ರಮ ಮಾಡಲೇಬಾರದು. 2024ರ ಹೊಸ ಮಾರ್ಗಸೂಚಿಯಲ್ಲಿ ಸಲಹಾ ಸಮಿತಿಯ ಅರ್ಧ ಜನ ಹೆಂಗಸರಿರಬೇಕು ಎಂದಿದೆ. ಆ ಅಕ್ಕನಂಥವರು ಸಮಿತಿಯಲ್ಲಿ ಕೂತರೆ ಇವೆಲ್ಲ ಮೊದಲ ದಿನವೇ ನಿಯಮವಾಗುತ್ತವೆ.

ದುಡ್ಡಿನ ಪ್ರಶ್ನೆ ಒಬ್ಬ ಮೇಷ್ಟ್ರು ಕೇಳಿದರು. ನಿಲಯಗಳು ಸೊರಗುವುದು ಇದರಿಂದಲೇ. ಅಮೆರಿಕದಲ್ಲೇ 2025ರಲ್ಲಿ ಸಂಸತ್ತು ಸಾರ್ವಜನಿಕ ಪ್ರಸಾರದ ಅನುದಾನ ಕಿತ್ತುಕೊಂಡಿತು. ಆ ಹಣ ಹಂಚುತ್ತಿದ್ದ ನಿಗಮ ಬಾಗಿಲು ಮುಚ್ಚುವುದಾಗಿ ಹೇಳಿತು. ಮೊದಲ ಪೆಟ್ಟು ಬೀಳುವುದು ಹಳ್ಳಿಗಾಡಿನ ಚಿಕ್ಕ ನಿಲಯಗಳಿಗೆ. ನಮ್ಮಲ್ಲಿ ಈಗ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಸರ್ಕಾರಿ ಜಾಹೀರಾತಿನ ದರವನ್ನು 2024ರಲ್ಲಿ ಹತ್ತು ಸೆಕೆಂಡಿಗೆ 74 ರೂಪಾಯಿ ಮಾಡಿದರು, ಅಂದರೆ ನಿಮಿಷಕ್ಕೆ 444. ಕಾಗದದ ಮೇಲೆ ಚೆನ್ನಾಗಿದೆ, ಆದರೆ ಅಷ್ಟು ಜಾಹೀರಾತು ಹಳ್ಳಿಯಲ್ಲಿ ಎಲ್ಲಿ ಸಿಗುತ್ತದೆ? ಒಬ್ಬರ ಮೇಲೆ ನಿಂತರೆ ಅವರು ಹೇಳಿದ ಹಾಗೆ ಕೇಳಬೇಕಾಗುತ್ತದೆ. ನನ್ನ ಸಲಹೆ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಟ್ಯೂಷನ್ ಸೆಂಟರ್ ಇವರಿಂದ ಸಣ್ಣ ಸಣ್ಣ ಜಾಹೀರಾತು, ಮನೆಗೆ ತಿಂಗಳಿಗೆ ಹತ್ತು ರೂಪಾಯಿ ಚಂದಾ. ಹತ್ತು ರೂಪಾಯಿ ಕೊಟ್ಟವರು ಕಾರ್ಯಕ್ರಮ ಚೆನ್ನಾಗಿಲ್ಲ ಅಂತ ಬಂದು ಕೇಳುತ್ತಾರೆ. ಅದೂ ಬೇಕು.

ಯಾರು ಅರ್ಜಿ ಹಾಕಬಹುದು? ಒಬ್ಬ ವ್ಯಕ್ತಿಗೆ, ರಾಜಕೀಯ ಪಕ್ಷಕ್ಕೆ, ಲಾಭಕ್ಕೆ ನಡೆಯುವ ಕಂಪನಿಗೆ ಕೊಡುವುದಿಲ್ಲ. ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ, ಸೊಸೈಟಿ ಅಥವಾ ಟ್ರಸ್ಟ್ ಎಂದು ನೋಂದಣಿಯಾಗಿ ಮೂರು ವರ್ಷ ಆದ ಸಂಸ್ಥೆ ಹಾಕಬಹುದು. ಅರ್ಜಿ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್ಲಿನಲ್ಲಿ, ಆನ್‌ಲೈನ್. ಹಲವು ಇಲಾಖೆಗಳ ಒಪ್ಪಿಗೆ ಬರಬೇಕು, ಹಾಗಾಗಿ ತಡವಾಗುತ್ತದೆ. ತಡವಾಗುತ್ತದೆ ಅಂತಲೇ ಈಗ ಹಾಕಬೇಕು. ನಿಮ್ಮ ಸಂಘಗಳ ಒಕ್ಕೂಟ ನೋಂದಣಿ ಆಗಿದ್ದರೆ ಅದರ ಪತ್ರ, ಮೂರು ವರ್ಷದ ಲೆಕ್ಕಪತ್ರ ಜೋಡಿಸಿಟ್ಟುಕೊಳ್ಳಿ. ಅರ್ಜಿ ತುಂಬುವ ದಿನ ಹೇಳಿ, ನಾನೂ ಬಂದು ಜೊತೆಗೆ ಕೂರುತ್ತೇನೆ.